ಸತ್ಯಾಂಶ: ಮಣಿ ಹೊರಗಿನದಾದರೆ ಕಸೂತಿಯೂ ಹೊರಗಿನದಾ?

"ಗಾಜಿನ ಮಣಿ ಯುರೋಪಿನದು, ಹಾಗಾಗಿ ಕೆನಡಾದ ಮೂಲನಿವಾಸಿಗಳ ಮಣಿ ಕಸೂತಿ ಬರೀ ನಕಲು" ಎಂದು ಫಾರ್ವರ್ಡ್ ಆಗುವ ಮಾತಿನಲ್ಲಿ ಅರ್ಧ ಮಾತ್ರ ನಿಜ. ವೆನಿಸ್, ಬೊಹೀಮಿಯಾದ ಮಣಿಗಳು ತುಪ್ಪಳದ ವ್ಯಾಪಾರಿಗಳ ಜೊತೆ ಬಂದವು. ಆದರೆ ಅದಕ್ಕೂ ಎಷ್ಟೋ ಮೊದಲೇ ಅಲ್ಲಿನ ಹೆಂಗಸರು ಮುಳ್ಳುಹಂದಿಯ ಮುಳ್ಳಿಗೆ ಬಣ್ಣ ಹಾಕಿ ಚರ್ಮದ ಮೇಲೆ ಕಸೂತಿ ಮಾಡುತ್ತಿದ್ದರು. ಚಿಪ್ಪು, ಮೂಳೆಯ ಮಣಿಗಳೂ ಇದ್ದವು.

ಮೇಟಿ ಜನರನ್ನೇ ನೋಡಿ. ಕ್ರೀ, ಒಜಿಬ್ವೆ ಎಂಬ ಮೂಲನಿವಾಸಿ ಜನಾಂಗಗಳ ತಾಯಂದಿರು, ಫ್ರೆಂಚ್, ಸ್ಕಾಟಿಷ್ ತಂದೆಯರಿಂದ ಬೆಳೆದ ಸಮುದಾಯ ಅದು. ಕೆನಡಾದ 1982ರ ಸಂವಿಧಾನ ಕಾಯ್ದೆ ಅವರನ್ನು ಮೂಲನಿವಾಸಿಗಳೆಂದೇ ಗುರುತಿಸಿದೆ. ಅವರ ಹೂಬಳ್ಳಿ ಕಸೂತಿಯಲ್ಲಿ ಯುರೋಪಿನ ಛಾಯೆಯೂ ಇದೆ, ತಮ್ಮ ನೆಲದ ಗಿಡ, ಹಣ್ಣು, ಮೊಗ್ಗುಗಳೂ ಇವೆ. ಎರಡೂ ಅವರದೇ ಅಲ್ವಾ? ಮೇಟಿ ಕಲಾವಿದೆ ಕ್ರಿಸ್ಟಿ ಬೆಲ್ಕೋರ್ಟ್ ಇವತ್ತು ಮಣಿ ಪೋಣಿಸಿದಂತೆಯೇ ಬಣ್ಣದ ಚುಕ್ಕಿಗಳನ್ನಿಟ್ಟು ದೊಡ್ಡ ಚಿತ್ರಗಳನ್ನು ಬರೆಯುತ್ತಾರೆ. 2014ರ ಒಂದು ಚಿತ್ರದಲ್ಲಿ ಕೆನಡಾದ ಒಂಟಾರಿಯೊ ಪ್ರಾಂತ್ಯದ ಅಳಿವಿನಂಚಿನ ಗಿಡ, ಪ್ರಾಣಿಗಳಿಗೂ ಜಾಗ ಕೊಟ್ಟಿದ್ದಾರೆ.