ಹುಲಿ ಅಂತ ಕೇಳಿಸಿತೋ, ಹುಳಿ ಅಂತಲೋ?

ಮಗಳ ಟೀಚರ್ ಕೇಳಿದ ಒಂದು ಪ್ರಶ್ನೆ ಚುಚ್ಚಿತು. ಬನಿಯನ್ ಅನ್ನುವ ವೆಸ್ಟ್, ಪಶ್ಚಿಮ ಅನ್ನುವ ವೆಸ್ಟ್, ಎರಡನ್ನೂ ಅವಳು ಒಂದೇ ಥರ ಓದುತ್ತಾಳೆ, ಮನೆಯಲ್ಲಿ ನೀವು ಹೇಗೆ ಹೇಳುತ್ತೀರಿ ಎಂದರು. ಹೇಳಿದೆ. ಇನ್ನೊಮ್ಮೆ ಹೇಳಿಸಿದರು. ನನ್ನ ಬಾಯಲ್ಲಿ ಎರಡೂ ಒಂದೇ ವಕಾರ. ಇಂಗ್ಲೆಂಡಿಗೆ ಬಂದು ಒಂಬತ್ತು ವರ್ಷವಾದರೂ ಆ ವ್ಯತ್ಯಾಸ ನನ್ನ ಕಿವಿಗೆ ಬಿದ್ದೇ ಇರಲಿಲ್ಲ.

ಅವರು ಮಗಳಿಗೆ ಬೈಯಲಿಲ್ಲ. ಕೈಗೊಂದು ಕನ್ನಡಿ ಕೊಟ್ಟು, ಹಲ್ಲು ತುಟಿಗೆ ತಾಗುತ್ತದೋ, ತುಟಿ ದುಂಡಗಾಗುತ್ತದೋ ನೋಡಿಕೋ ಎಂದರು. ಇಲ್ಲಿ ಮೊದಲು ಕಿವಿ, ಆಮೇಲೆ ಪುಸ್ತಕ. 2012ರಿಂದ ಐದಾರು ವರ್ಷದ ಮಕ್ಕಳಿಂದ 40 ಪದ ಓದಿಸಿ ನೋಡುತ್ತಾರೆ. ಅವುಗಳಲ್ಲಿ 20ಕ್ಕೆ ಅರ್ಥವೇ ಇಲ್ಲ. ಬಾಯಿಪಾಠ ಅಲ್ಲಿ ಕೈಹಿಡಿಯುವುದಿಲ್ಲ, ಧ್ವನಿಗೆ ಧ್ವನಿ ಕೂಡಿಸಲು ಬರಬೇಕು.

ಅದೇ ವಾರ ಊರಿನಿಂದ ಅಣ್ಣನ ಫೋನು, ಮಗನ ಬಗ್ಗೆ. "ಎರಡನೇ ಕ್ಲಾಸು, ಇನ್ನೂ ಹುಳಿ ಅನ್ನೋದನ್ನ ಹುಲಿ ಅಂತ ಬರೀತಾನೆ ಕಣೋ. ಸ್ಕೂಲಲ್ಲಿ ಇಪ್ಪತ್ತು ಸಲ ಬರೆಸಿದಾರೆ."

"ಅವನಿಗೆ ಎರಡೂ ಬೇರೆ ಬೇರೆ ಅಂತ ಕೇಳಿಸುತ್ತಾ? ಯಾರಾದ್ರೂ ನೋಡಿದಾರಾ?"

ಅಣ್ಣ ಸುಮ್ಮನಾದ.

ಈ ಪ್ರಶ್ನೆ ನಮಗೆ ಹೊಳೆಯುವುದೇ ಇಲ್ಲ, ನನಗೆ ಸಿಟ್ಟು ಬರುವುದು ಅದಕ್ಕೇ. ಮನೆಮಂದಿಯೆಲ್ಲ ಹಕಾರ ಬಿಟ್ಟು ಮಾತಾಡುವಾಗ ಮಗು 'ಆಲು' ಎಂದು ಬರೆದರೆ, ಅದು ಕೇಳಿಸಿಕೊಂಡದ್ದನ್ನು ನಿಷ್ಠೆಯಿಂದ ಬರೆದಿದೆ. ಮಾತಿನಲ್ಲಿ ನಮ್ಮಲ್ಲಿ ಎಷ್ಟು ಜನ ಮಹಾಪ್ರಾಣ ಉಚ್ಚರಿಸುತ್ತೇವೆ? ಕಿವಿಗೆ ಕೊಡದೇ ಇದ್ದದ್ದನ್ನು ಕೈಯಿಂದ ಕೇಳುತ್ತೇವೆ, ಬರದಿದ್ದರೆ ದಡ್ಡ ಅನ್ನುತ್ತೇವೆ.

ಕಿವಿ ಬಲು ಬೇಗ ತನ್ನ ಬಾಗಿಲು ಕಿರಿದು ಮಾಡಿಕೊಳ್ಳುತ್ತದೆ. 1984ರಲ್ಲಿ ಜ್ಯಾನೆಟ್ ವರ್ಕರ್, ರಿಚರ್ಡ್ ಟೀಸ್ ಪ್ರಕಟಿಸಿದ ಪ್ರಯೋಗದಲ್ಲಿ, ಇಂಗ್ಲಿಷ್ ಮನೆಗಳ ಆರರಿಂದ ಎಂಟು ತಿಂಗಳ ಕೂಸುಗಳು ಹಿಂದಿಯ ತ, ಟ ಬೇರೆಯೆಂದು ಗುರುತಿಸಿದವು. ಹತ್ತು ಹನ್ನೆರಡು ತಿಂಗಳ ಕೂಸುಗಳಲ್ಲಿ ಹೆಚ್ಚಿನವಕ್ಕೆ ಅದು ಆಗಲಿಲ್ಲ. ಹಾಗಾಗಿ ಓದು ತಡವರಿಸಿದರೆ ಮೊದಲು ಕಿವಿಯನ್ನು ವಿಚಾರಿಸಬೇಕು.

ಒಂದು ಮಾತು ಒಪ್ಪಲೇಬೇಕು. ಇಲ್ಲಿಯವರ ಈ ಶ್ರದ್ಧೆಗೆ ಅವರ ಕಾಗುಣಿತದ ಗೋಜಲೂ ಕಾರಣ. ನಮ್ಮ ವರ್ಣಮಾಲೆ ಗಂಟಲಿನಿಂದ ತುಟಿಯವರೆಗೆ ಸಾಲಾಗಿ ಬರುತ್ತದೆ, ಅದೇ ಒಂದು ಕಿವಿಯ ಪಾಠ. ಕನ್ನಡ ಮಕ್ಕಳ ಓದಿನ ಬಗ್ಗೆ ಸಂಶೋಧಕಿ ಸೋನಾಲಿ ನಾಗ್ 2007ರಲ್ಲಿ ಬರೆದಂತೆ, ಅಕ್ಷರಗಳ ಕಲಿಕೆ ನಾಲ್ಕನೇ ತರಗತಿವರೆಗೂ ಸಾಗುತ್ತದೆ, ಬಿಡಿ ಧ್ವನಿಯ ಅರಿವು ಇನ್ನೂ ನಿಧಾನ. ಅಣ್ಣನ ಮಗನಿಗಿನ್ನೂ ಕಾಲವಿದೆ. ಓದುತ್ತ ಓದುತ್ತ ಕಿವಿಯೂ ಚುರುಕಾಗುತ್ತದೆ, ಸಂಬಂಧ ಎರಡೂ ಕಡೆಯದು. ಕಿವಿ ನೆಟ್ಟಗಿದ್ದೂ ಓದು ಕಷ್ಟವಾಗುವ ಮಕ್ಕಳೂ ಇದ್ದಾರೆ. ಆ ಟೀಚರಿಗೆ ನಾನು ತ, ಟ ಹೇಳಿ ತೋರಿಸಿದಾಗ ಅವರಿಗೂ ಎರಡೂ ಒಂದೇ ಎನಿಸಿತು.

ಭಾನುವಾರ ಫೋನಿನಲ್ಲೇ ಹುಡುಗನ ಜೊತೆ ಆಟ ಆಡಿದೆ. ಕಲೆ, ಕಳೆ. ಹಲ್ಲಿ, ಹಳ್ಳಿ. ಒಂದೇನಾ, ಬೇರೆನಾ? ಹತ್ತರಲ್ಲಿ ಆರು ಸರಿ ಹೇಳಿದ. "ಚಿಕ್ಕಪ್ಪ, ಇನ್ನೊಂದ್ಸಲ ನಿಧಾನಕ್ಕೆ ಹೇಳು" ಅಂದ. ಹೇಳಿದೆ.