ವಾರಸುದಾರರಿಲ್ಲದ ಮೊಬೈಲು

ಜೈಲಿನ ಮೇಲೆ ನಸುಕಿನಲ್ಲಿ ನಡೆಯುವ ದಾಳಿಯ ಸುದ್ದಿ ಓದುವಾಗಲೆಲ್ಲ ನನ್ನ ಕಣ್ಣು ಒಂದೇ ಪದದ ಮುಂದೆ ನಿಂತುಬಿಡುತ್ತದೆ. ಶೌಚಾಲಯದ ಗೋಡೆಯ ಸಂದಿಯಲ್ಲೊಂದು, ಗಿಡದ ಬುಡದ ಮಣ್ಣಿನಲ್ಲೊಂದು ಮೊಬೈಲು ಸಿಕ್ಕಿತು ಎಂದು ಬರೆದ ಮೇಲೆ, ಅವು ‘ವಾರಸುದಾರರಿಲ್ಲದ ಸ್ಥಿತಿಯಲ್ಲಿ’ ಪತ್ತೆಯಾದವೆಂದೂ ‘ಅಪರಿಚಿತರ’ ವಿರುದ್ಧ ಪ್ರಕರಣ ದಾಖಲಾಯಿತೆಂದೂ ಇರುತ್ತದೆ. ಕಲಬುರಗಿಯ ಸೂಪರ್ ಮಾರ್ಕೆಟ್ಟಿನ ಸಂದಣಿಯಲ್ಲಿ ಕಿಸೆಗಳ್ಳನೊಬ್ಬ ಅಪರಿಚಿತನಾಗಿ ಉಳಿದರೆ ಅರ್ಥವಾದೀತು. ಆದರೆ ತಂದೆಯ ಹೆಸರು, ಬೆರಳಚ್ಚು, ಮೈಮೇಲಿನ ಮಚ್ಚೆಗಳ ಸಮೇತ ಬರೆದುಕೊಂಡು, ಒಬ್ಬೊಬ್ಬರಿಗೂ ಒಂದೊಂದು ಸಂಖ್ಯೆ ಕೊಟ್ಟು, ಬೀಗ ತೆಗೆಯುವಾಗಲೊಮ್ಮೆ ಹಾಕುವಾಗಲೊಮ್ಮೆ ತಲೆ ಎಣಿಸುವ ಜಾಗದಲ್ಲಿ ಅಪರಿಚಿತರು ಎಲ್ಲಿಂದ ಬಂದರು? ಅರವತ್ತು ಹುಡುಗರ ತರಗತಿಯಲ್ಲಿ ಶೇಂಗಾ ತಿಂದವರು ಯಾರೆಂಬುದನ್ನು ಬೆಂಚಿನ ಕೆಳಗಿನ ಸಿಪ್ಪೆ ನೋಡಿಯೇ ಹೇಳುತ್ತಿದ್ದ ನಿವೃತ್ತ ಮಾಸ್ತರನಿಗೆ ಇದು ಬಗೆಹರಿಯುತ್ತಿಲ್ಲ.

ನಮ್ಮೂರಲ್ಲೂ ಕೇಂದ್ರ ಕಾರಾಗೃಹವಿದೆ. ಅದರ ಹೊರಗೆ ವಾಸಿಸುವ ನನಗೆ ಸಿಮ್ ಪಡೆಯುವುದೆಂದರೆ ಹೀಗೆ. ಆಧಾರ್ ಕೊಟ್ಟೆ, ಕಣ್ಣು ಮಿಟುಕಿಸಿ ಫೋಟೊ ತೆಗೆಸಿಕೊಂಡೆ, ಬಳಪ ಹಿಡಿದು ಸವೆದ ಬೆರಳನ್ನು ಯಂತ್ರಕ್ಕೆ ಒತ್ತಿದೆ. “ಮ್ಯಾಚ್ ಆಗವಲ್ದರಿ ಕಾಕಾ, ನಾಳಿ ಬರ್ರಿ” ಎಂದ ಅಂಗಡಿಯ ಹುಡುಗ. ಮೂರು ದಿನ ಹೋದೆ. ಒಬ್ಬರ ಹೆಸರಿನಲ್ಲಿ 9 ಸಿಮ್‌ಗಿಂತ ಹೆಚ್ಚು ಇರಕೂಡದೆಂದು ಲೆಕ್ಕವಿಡುವ ಈ ದೇಶದಲ್ಲಿ, ಗೋಡೆಯ ಸಂದಿಯಲ್ಲಿ ಸಿಕ್ಕ ಸಿಮ್ಮಿಗೆ ಮಾತ್ರ ಹೆತ್ತವರಿಲ್ಲ.

ಮೊಬೈಲು ಒಳಗೆ ಬಂದದ್ದು ಹೇಗೆಂದರೆ ಸಾಮಾನ್ಯವಾಗಿ ಸಿಗುವ ಉತ್ತರ ಚೆಂಡು: ಹೊರಗಿನ ರಸ್ತೆಯಿಂದ ಯಾರೋ ಚೆಂಡಿನೊಳಗೆ ತುಂಬಿ ಎಸೆಯುತ್ತಾರಂತೆ. ಎಸೆಯುವುದು ಸುಳ್ಳಲ್ಲ, ಆದರೆ ಎಲ್ಲ ತಪ್ಪನ್ನೂ ಗೋಡೆಯ ಆಚೆಗೇ ಇಡಬಲ್ಲ ಇಂಥ ಅನುಕೂಲದ ಉತ್ತರ ಬೇರೊಂದಿಲ್ಲ. ಮೊಬೈಲನ್ನೂ ಚಾರ್ಜರನ್ನೂ ಎಸೆದರೆಂದೇ ಒಪ್ಪೋಣ. ವಿದ್ಯುತ್ತನ್ನು ಚೆಂಡಿನಲ್ಲಿ ತುಂಬಿ ಎಸೆಯಲು ಬರುವುದಿಲ್ಲವಷ್ಟೆ. ದಿನಕ್ಕೊಂದೆರಡು ತಾಸು ಯಾವುದೋ ಪ್ಲಗ್ಗಿನಲ್ಲಿ ಅದು ಕಂಡವರ ಕಣ್ಣೆದುರೇ ನೇತಾಡಬೇಕು.

ಮೊಬೈಲಿನ ಸಿಗ್ನಲ್ಲನ್ನು ತಡೆಯುವ ಜಾಮರ್ ಇದೆಯಲ್ಲ ಎನ್ನಬಹುದು. ಜಾಮರ್ ಕೊಳ್ಳಲು ದೆಹಲಿಯ ಸಂಪುಟ ಕಾರ್ಯಾಲಯದ ಅನುಮತಿ ಬೇಕು, ಮೊಬೈಲು ತರಲು ಅದು ಬೇಕಿಲ್ಲ. 3ಜಿಗೆಂದು ತಂದ ಪೆಟ್ಟಿಗೆ 4ಜಿಯ ಮುಂದೆ ಮೂಕ, ಅದನ್ನು ಬದಲಿಸುವಷ್ಟರಲ್ಲಿ 2022ರ ಅಕ್ಟೋಬರ್ ಬಂದು 5ಜಿ ಶುರುವಾಯಿತು.

ಬೆಂಗಳೂರಿನ ಪರಪ್ಪನ ಅಗ್ರಹಾರದಲ್ಲಿ ಕುರ್ಚಿ, ಮಗ್ಗು, ಸಿಗರೇಟುಗಳೊಡನೆ ಕುಳಿತ ನಟರೊಬ್ಬರ ಚಿತ್ರ 2024ರ ಆಗಸ್ಟ್‌ನಲ್ಲಿ ಹೊರಬಂದಾಗ ಅಧಿಕಾರಿಗಳು ಅಮಾನತಾದರು, ನಟರನ್ನು ಬಳ್ಳಾರಿ ಜೈಲಿಗೆ ಸಾಗಿಸಲಾಯಿತು. ಮೊಬೈಲನ್ನು ಮಾತ್ರ ಯಾರೂ ವರ್ಗಾಯಿಸಲಿಲ್ಲವೆಂದು ಕಾಣುತ್ತದೆ, ಏಕೆಂದರೆ 2025ರ ನವೆಂಬರ್‌ನಲ್ಲಿ ಅದೇ ಜೈಲಿನಿಂದ ಮತ್ತೆ ವಿಡಿಯೊಗಳು ಬಂದವು.

ಅದೇ ವರ್ಷ ಶಿವಮೊಗ್ಗದ ಕಾರಾಗೃಹದಲ್ಲಿ ಹೊಟ್ಟೆನೋವೆಂದ ಕೈದಿಯೊಬ್ಬನಿಗೆ ವೈದ್ಯರು ಶಸ್ತ್ರಚಿಕಿತ್ಸೆ ಮಾಡಿ ಒಳಗಿದ್ದ ಮೊಬೈಲನ್ನು ಹೊರತೆಗೆದರು. ಆ ಒಂದು ಮೊಬೈಲಿನ ಮಟ್ಟಿಗೆ, ವಾರಸುದಾರರಿಲ್ಲ ಎಂದು ಬರೆಯುವುದು ಯಾರಿಗೂ ಸಾಧ್ಯವಿರಲಿಲ್ಲ.