ಮೆರವಣಿಗೆಗೆ ಹುಡುಗರು ಬೇಕು, ಸಭೆಗೆ ಬೇಡವೇ?

2025ರ ಸೆಪ್ಟೆಂಬರ್‌ನಲ್ಲಿ ಹುಡುಗರ ಹೋರಾಟಕ್ಕೆ ನೇಪಾಳದ ಸರ್ಕಾರ ಬಿದ್ದ ವಾರ ನಮ್ಮೂರಿನ ವಾಟ್ಸಾಪ್ ಗ್ರೂಪುಗಳಲ್ಲಿ ಎಲ್ಲರೂ ಜೆನ್ ಜೀ, ಅಂದರೆ ಈಗಿನ ಹೊಸ ತಲೆಮಾರಿನ, ಅಭಿಮಾನಿಗಳಾಗಿಬಿಟ್ಟಿದ್ದರು. "ಹುಡುಗ್ರು ಅಂದ್ರ ಹಿಂಗಿರಬೇಕು ನೋಡ್ರಿ" ಎಂದು ಬೆಂಕಿಯ ಇಮೋಜಿ ಒತ್ತಿದ ಹಿರಿಯರೊಬ್ಬರು, ಸ್ವಲ್ಪ ದಿನದ ಹಿಂದೆ ಅದೇ ಗ್ರೂಪಿನಲ್ಲಿ ಹಾಸ್ಟೆಲ್ ಊಟದ ವಿಡಿಯೊ ಹಾಕಿದ್ದ ಹುಡುಗನಿಗೆ "ಮೊದ್ಲು ಓದೂದು ಕಲಿ ತಮ್ಮಾ, ಲೀಡರ್ ಆಗೂದು ಆಮ್ಯಾಲೆ" ಎಂದು ಬುದ್ಧಿ ಹೇಳಿದ್ದರು. ಕಠ್ಮಂಡುವಿನ ಹುಡುಗ ಹುಲಿ, ಕೊಪ್ಪಳದ ಹುಡುಗ ತರಲೆ. ದೂರದ ಬೆಟ್ಟ ನುಣ್ಣಗೆ ಅನ್ನುವುದು ಹೋರಾಟಕ್ಕೂ ಸಲ್ಲುತ್ತದೆ.

ಆ ಇಮೋಜಿಯ ಹಿಂದೆ ಎಷ್ಟು ಹೆಣ ಬಿದ್ದವು ಅನ್ನುವುದನ್ನೂ ಹೇಳಬೇಕಲ್ಲ. ಸೆಪ್ಟೆಂಬರ್ 4ರಂದು ಅಲ್ಲಿನ ಸರ್ಕಾರ 26 ಜಾಲತಾಣಗಳನ್ನು ಬಂದ್ ಮಾಡಿತು. ಭ್ರಷ್ಟಾಚಾರ, ನಿರುದ್ಯೋಗ, ರಾಜಕಾರಣಿಗಳ ಮಕ್ಕಳ ಶೋಕಿ ಇವೆಲ್ಲ ಮೊದಲೇ ಹೊಟ್ಟೆ ಉರಿಸಿದ್ದವು. 8ರಂದು ಬೀದಿಗಿಳಿದವರ ಮೇಲೆ ಗೋಲಿಬಾರ್ ಆಗಿ ಆ ಒಂದೇ ದಿನ 19 ಜನ ಸತ್ತರು. ಮರುದಿನ ಪ್ರಧಾನಿ ಓಲಿ ರಾಜೀನಾಮೆ ಕೊಟ್ಟರು, ಸಂಸತ್ ಭವನಕ್ಕೆ ಬೆಂಕಿ ಬಿತ್ತು. ಒಟ್ಟು ಸತ್ತವರು 70ಕ್ಕೂ ಹೆಚ್ಚು. ನನಗೆ ಕುತೂಹಲ ಇರುವುದು ಅದರ ನಂತರದ ದಿನಗಳ ಬಗ್ಗೆ. ಡಿಸ್ಕಾರ್ಡ್ ಅಂತ ಒಂದು ಆ್ಯಪ್ ಇದೆ, ವಿಡಿಯೊ ಗೇಮ್ ಆಡುವವರು ಹರಟೆ ಹೊಡೆಯುವ ಜಾಗ. ಅದರಲ್ಲಿ ಸಾವಿರಾರು ಹುಡುಗರು ಸೇರಿ, ಮುಂದೆ ಯಾರು ಎಂದು ವಾದಿಸಿ, ಮತ ಹಾಕಿ, ನಿವೃತ್ತ ಮುಖ್ಯ ನ್ಯಾಯಮೂರ್ತಿ ಸುಶೀಲಾ ಕಾರ್ಕಿ ಅವರ ಹೆಸರಿಗೆ ಬಂದರು. 12ರಂದು ಆಕೆ ಪ್ರಮಾಣವಚನ ತೆಗೆದುಕೊಂಡರು. ಬೆಂಕಿಯ ವಿಡಿಯೊ ನಮ್ಮ ಗ್ರೂಪಿನಲ್ಲಿ ದಿನಗಟ್ಟಲೆ ಸುತ್ತಿತು. ಕೂತು ಮಾತಾಡಿ ಒಂದು ಹೆಸರಿಗೆ ಒಪ್ಪಿದವರ ಬಗ್ಗೆ ಒಬ್ಬರೂ ಒಂದು ಸಾಲು ಬರೆಯಲಿಲ್ಲ.

ನಾನು ಕೊಪ್ಪಳದಲ್ಲಿ ಝೆರಾಕ್ಸ್ ಮತ್ತು ಡಿಟಿಪಿ ಅಂಗಡಿ ಇಟ್ಟುಕೊಂಡವಳು. ಮನವಿ ಪತ್ರ, ತಕರಾರು ಅರ್ಜಿ, ಮಾಹಿತಿ ಹಕ್ಕಿನ ಅರ್ಜಿ, ಅಫಿಡವಿಟ್, ಧರಣಿಯ ಫ್ಲೆಕ್ಸ್‌ಗೆ ಮ್ಯಾಟರ್, ಎಲ್ಲಾ ನನ್ನ ಕೀಬೋರ್ಡ್ ಮೇಲಿಂದಲೇ ಹೋಗುತ್ತವೆ. ಹೀಗಾಗಿ ಒಂದು ಹೋರಾಟ ಎಷ್ಟು ದೂರ ಹೋಗಬಹುದು ಅನ್ನುವುದು ಅದರ ಮನವಿ ಟೈಪ್ ಮಾಡುವಾಗಲೇ ನನಗೆ ಅಂದಾಜಾಗುತ್ತದೆ. ಹಿರಿಯರ ಮನವಿಗೆ ಒಂದು ಅಚ್ಚು ಇದೆ. "ಈ ಮೂಲಕ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ" ಅಂತ ಶುರು, "ಇಲ್ಲವಾದಲ್ಲಿ ಉಗ್ರ ಹೋರಾಟ ಮಾಡಲಾಗುವುದು" ಅಂತ ಮುಗಿತಾಯ. ನಡುವೆ ವಿಷಯ ನಾಲ್ಕು ಸಾಲು. ಕೆಳಗೆ ಅಧ್ಯಕ್ಷರು, ಗೌರವಾಧ್ಯಕ್ಷರು, ಕಾರ್ಯಾಧ್ಯಕ್ಷರು, ಸಂಚಾಲಕರು. ಹೆಸರಿನ ಪಟ್ಟಿಗೇ ಎರಡನೇ ಹಾಳೆ ಬೇಕಾಗುತ್ತದೆ. (ಕಾರ್ಯಾಧ್ಯಕ್ಷರ ಹೆಸರು ಗೌರವಾಧ್ಯಕ್ಷರಿಗಿಂತ ಮೇಲೆ ಬಂತು ಅಂತ ಹಾಳೆ ಹರಿದುಹಾಕಿ ಮತ್ತೆ ಪ್ರಿಂಟ್ ತೆಗೆಸಿದವರೂ ಇದ್ದಾರೆ. ದುಡ್ಡು ಮಾತ್ರ ಒಂದೇ ಪ್ರಿಂಟಿನದು ಕೊಟ್ಟರು.)

2025ರ ಫೆಬ್ರವರಿ 24ರ ಕೊಪ್ಪಳ ಬಂದ್ ನೆನಪಿದೆಯಲ್ಲ? ಊರಿನ ಮಗ್ಗುಲಲ್ಲೇ ದೊಡ್ಡ ಉಕ್ಕಿನ ಕಾರ್ಖಾನೆ ಬರುವುದು ಬೇಡ ಎಂದು ಗವಿಮಠದ ಶ್ರೀಗಳೇ ಬೀದಿಗೆ ಬಂದರು. ಅಂಗಡಿ ಮುಚ್ಚಿ ನಾನೂ ಹೋಗಿದ್ದೆ. ಅಷ್ಟು ಜನರನ್ನು ಜಾತ್ರೆ ಬಿಟ್ಟರೆ ಬೇರೆಲ್ಲೂ ನೋಡಿಲ್ಲ. ಕಾಲೇಜು ಹುಡುಗ ಹುಡುಗಿಯರು ಬಿಸಿಲಲ್ಲಿ ಘೋಷಣೆ ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡಿದ್ದರು. ಕೆಲಸ ನಿಲ್ಲಿಸಲು ಹೇಳಿದ್ದೇನೆ ಎಂದು ಮುಖ್ಯಮಂತ್ರಿ ಹೇಳುವಷ್ಟು ಬಿಸಿ ಬೆಂಗಳೂರಿಗೂ ತಟ್ಟಿತು. ಆಮೇಲೆ ನಾನು ನೋಡಿದ ಸಭೆಗಳಲ್ಲಿ ಆ ಹುಡುಗರು ಎಲ್ಲಿದ್ದರು? ಕುರ್ಚಿ ಹಾಕುತ್ತಿದ್ದರು, ನೀರಿನ ಬಾಟಲಿ ಹಂಚುತ್ತಿದ್ದರು, ಮುಖಂಡರು ಮಾತಾಡುವುದನ್ನು ಫೇಸ್‌ಬುಕ್ ಲೈವ್ ಮಾಡುತ್ತಿದ್ದರು. ಮುಂದೇನು ಮಾಡುವುದು ಎಂದು ತೀರ್ಮಾನ ಮಾಡುವ ಮೇಜಿನ ಸುತ್ತ ನಲವತ್ತರ ಕೆಳಗಿನವರು ಹುಡುಕಿದರೂ ಇರಲಿಲ್ಲ. ಇಲ್ಲಿ ಧೂಳು ಇನ್ನೂ ಐವತ್ತು ವರ್ಷ ಕುಡಿಯಬೇಕಾದವರು ಯಾರು ಸ್ವಾಮಿ?

ಆಗಲೇ ಕಾರ್ಖಾನೆಗಳಿರುವ ಗಿಣಿಗೇರಾ ಕಡೆಯ ಒಂದು ಹಳ್ಳಿಯಿಂದ ಮೂವರು ಹುಡುಗಿಯರು ಅಂಗಡಿಗೆ ಬಂದಿದ್ದರು, ಡಿಗ್ರಿ ಓದುವವರು. ಕೈಯಲ್ಲಿ ಒಂದು ಲಾಂಗ್ ನೋಟ್‌ಬುಕ್. "ಅಕ್ಕಾ, ಇದರಾಗ ಇದ್ದಂಗ ಟೈಪ್ ಮಾಡ್ರಿ, ನೀವೇನೂ ಸೇರಸಬ್ಯಾಡ್ರಿ" ಅಂದರು. ನಾನು ಒಂದೆರಡು ಖಾರದ ಸಾಲು ಸೇರಿಸುವವಳು ಅಂತ ಯಾರೋ ಹೇಳಿದ್ದರೋ ಏನೋ. ನೋಟ್‌ಬುಕ್ ತೆರೆದರೆ ಸ್ಕೇಲ್ ಇಟ್ಟು ಗೆರೆ ಹೊಡೆದ ಕಾಲಂಗಳು: ಮನೆ, ಮನೆಯಲ್ಲಿ ಕೆಮ್ಮು-ದಮ್ಮು ಯಾರಿಗಿದೆ, ಯಾವಾಗಿನಿಂದ, ಹೊಲದಲ್ಲಿ ಏನು ಬೆಳೆ, ಹತ್ತಿ ಕರಿಬಣ್ಣಕ್ಕೆ ತಿರುಗಿತು ಎಂದು ಎಷ್ಟು ರೇಟು ಮುರಿದರು. ಒಂದು ಮನೆಯ ಮುಂದೆ ಪೆನ್ಸಿಲಿನಲ್ಲಿ "ಅಜ್ಜಿ ಹೇಳಲಿಲ್ಲ, ಸೊಸೆ ಹೇಳಿದಳು" ಎಂದಿತ್ತು. ಹಿಂದಿನ ಪುಟಗಳಿಗೆ ಫೋಟೊ ಅಂಟಿಸಿದ್ದರು. ಮಾಳಿಗೆಯ ಮೇಲೆ ಸಂಜೆ ಬಿಳಿ ಟವೆಲ್ ಹಾಸುವುದು, ಮುಂಜಾನೆ ಅದರ ಫೋಟೊ ತೆಗೆಯುವುದು, ಕೆಳಗೆ ತಾರೀಕು. ಗಾಳಿ ಯಾವ ದಿಕ್ಕಿನಿಂದ ಬೀಸುತ್ತಿತ್ತು ಅನ್ನುವುದನ್ನೂ ಬರೆದಿದ್ದರು. ಕೆಲವು ದಿನ ಟವೆಲ್ ಬಿಳಿಯಾಗಿಯೇ ಇತ್ತು, ಆ ಫೋಟೊಗಳನ್ನೂ ತೆಗೆದುಹಾಕಿರಲಿಲ್ಲ. ನಮ್ಮ ಯಾವ ಸಂಚಾಲಕರೂ ಆ ಬಿಳಿ ಟವೆಲ್ಲಿನ ಫೋಟೊ ಉಳಿಸುತ್ತಿರಲಿಲ್ಲ ಅಂತ ನನ್ನ ಖಾತ್ರಿ.

ಮನವಿ ಕೊಡಲು ಹೋದ ಕಚೇರಿಯಲ್ಲಿ "ಇಟ್ಟು ಹೋಗ್ರವಾ, ಸಾಹೇಬ್ರು ಮೀಟಿಂಗ್‌ನಾಗ ಅದಾರ" ಅಂದರಂತೆ. ಹುಡುಗಿಯರು ಇಟ್ಟು ಬರಲಿಲ್ಲ. ತಮ್ಮ ಪ್ರತಿಯ ಮೇಲೆ ಸೀಲು, ತಾರೀಕು, ಸ್ವೀಕೃತಿ ನಂಬರು ಬೀಳುವವರೆಗೆ ಅಲ್ಲೇ ಬೆಂಚಿನ ಮೇಲೆ ಕೂತರು. ಆ ಸೀಲು ಬಿದ್ದ ಪ್ರತಿಯನ್ನು ಝೆರಾಕ್ಸ್ ಮಾಡಿಸಲು ಮತ್ತೆ ನನ್ನ ಹತ್ತಿರ ಬಂದಾಗ ಒಬ್ಬಾಕೆ ಕೇಳಿದಳು: "ಅಕ್ಕಾ, ಉತ್ತರ ಬರಲಿಲ್ಲಂದ್ರ ಮುಂದ ಯಾರಿಗೆ ಬರೀಬೇಕು?"

ಇದನ್ನು ಹೇಳಿದರೆ ನಮ್ಮವರು ನಗುತ್ತಾರೆ. ಮನವಿ ಕೊಟ್ಟರೆ ಏನಾಗುತ್ತದೆ, ಕಸದ ಬುಟ್ಟಿಗೆ ಹೋಗುತ್ತದೆ ಅಂತ. ಹಾಗಾದರೆ ವನುವಾಟು ದೇಶದ ಕಥೆ ಕೇಳಿ. ಪೆಸಿಫಿಕ್ ಸಾಗರದ ನಡುವಿನ ದ್ವೀಪಗಳ ದೇಶ ಅದು, ಜನಸಂಖ್ಯೆ ಮೂರು ಲಕ್ಷದ ಆಸುಪಾಸು; ನಮ್ಮ ಕೊಪ್ಪಳ ಜಿಲ್ಲೆಯ ಕಾಲು ಭಾಗವೂ ಅಲ್ಲ. 2019ರಲ್ಲಿ ಅಲ್ಲಿ ಕಾನೂನು ಓದುತ್ತಿದ್ದ 27 ವಿದ್ಯಾರ್ಥಿಗಳು ಒಂದು ಆಲೋಚನೆ ಮಾಡಿದರು. ಸಮುದ್ರ ಏರಿ ನಮ್ಮ ದ್ವೀಪ ಮುಳುಗುತ್ತಿದೆ, ಹೊಗೆ ಬಿಟ್ಟವರು ಬೇರೆ ದೇಶದವರು. ಇದಕ್ಕೆ ಕಾನೂನಿನಲ್ಲಿ ಹೊಣೆ ಇದೆಯೋ ಇಲ್ಲವೋ, ಅಂತರರಾಷ್ಟ್ರೀಯ ನ್ಯಾಯಾಲಯವನ್ನೇ ಕೇಳೋಣ. ಅವರು ಮಾಡಿದ ಮೊದಲ ಕೆಲಸ ಏನು ಗೊತ್ತೇ? ಪತ್ರ ಬರೆದದ್ದು. ಪೆಸಿಫಿಕ್ ದೇಶಗಳ ನಾಯಕರಿಗೆಲ್ಲ ಪತ್ರ. ಕಿವಿಗೊಟ್ಟದ್ದು ವನುವಾಟು ಸರ್ಕಾರ. ಅಲ್ಲಿಂದ ಒಂದೊಂದೇ ದೇಶವನ್ನು ಒಪ್ಪಿಸುತ್ತ ಹೋಗಿ 2023ರ ಮಾರ್ಚ್ 29ರಂದು ವಿಶ್ವಸಂಸ್ಥೆಯ ಸಾಮಾನ್ಯ ಸಭೆಯಲ್ಲಿ ನಿರ್ಣಯ ಪಾಸಾಯಿತು, ಒಬ್ಬರೂ ವಿರೋಧಿಸದೆ. 2025ರ ಜುಲೈ 23ರಂದು ಹೇಗ್ ನಗರದಲ್ಲಿ 15 ನ್ಯಾಯಾಧೀಶರು ಒಮ್ಮತದಿಂದ ಹೇಳಿದರು: ಹವಾಮಾನವನ್ನು ಕಾಪಾಡುವುದು ದೇಶಗಳ ಕಾನೂನುಬದ್ಧ ಹೊಣೆ, ಅದನ್ನು ಮುರಿದರೆ ತಪ್ಪಿತಸ್ಥರಾಗುತ್ತಾರೆ. ಅದು ಸಲಹೆಯ ರೂಪದ ಅಭಿಪ್ರಾಯ, ಯಾರ ಕೈಗೂ ಬೇಡಿ ಹಾಕುವುದಿಲ್ಲ. ಆದರೂ ಇನ್ನು ಮುಂದೆ ಲೋಕದ ಯಾವ ಮೂಲೆಯ ಕೋರ್ಟಿನಲ್ಲಿ ಯಾವ ವಕೀಲ ಎದ್ದು ನಿಂತರೂ ಆ ಹಾಳೆ ಅವನ ಕೈಯಲ್ಲಿರುತ್ತದೆ.

ಅಷ್ಟು ದೂರ ಯಾಕೆ? ಆ ಮೂವರು ಹುಡುಗಿಯರು ನಾಳೆ ನೌಕರಿಗೆ ಅರ್ಜಿ ಹಾಕುವಾಗ ಕಲ್ಯಾಣ ಕರ್ನಾಟಕದವರಿಗೆ ಮೀಸಲಾತಿ ಕೊಡುವ 371ಜೆ ಪ್ರಮಾಣಪತ್ರ ಲಗತ್ತಿಸುತ್ತಾರಲ್ಲ, ಅದು ಯಾರೋ ವರ್ಷಗಟ್ಟಲೆ ಮನವಿ ಕೊಟ್ಟು ಧರಣಿ ಕೂತು ತಂದದ್ದು. ರಾಯಚೂರಿಗೆ ಏಮ್ಸ್ ಬೇಕೆಂದು 2022ರ ಮೇ ತಿಂಗಳಲ್ಲಿ ಕೂತವರ ಧರಣಿ ಸಾವಿರ ದಿನ ದಾಟಿತು. ಕೂರುವ ತಾಕತ್ತು ನಮ್ಮ ಭಾಗದವರಿಗೆ ಯಾರೂ ಕಲಿಸಬೇಕಾಗಿಲ್ಲ.

ಇನ್ನು ತಂದೆ ತಾಯಿಯರ ಹೆದರಿಕೆ. ಅದನ್ನು ಹಗುರ ಮಾಡಿ ಮಾತಾಡುವ ಮನಸ್ಸು ನನಗಿಲ್ಲ. 2021ರ ಫೆಬ್ರವರಿಯಲ್ಲಿ ಬೆಂಗಳೂರಿನ 22 ವರ್ಷದ ಪರಿಸರ ಹೋರಾಟಗಾರ್ತಿ ದಿಶಾ ರವಿಯನ್ನು ದಿಲ್ಲಿ ಪೊಲೀಸರು ಬಂದು ಹಿಡಿದುಕೊಂಡು ಹೋದರು. ರೈತ ಹೋರಾಟಕ್ಕೆ ಸಂಬಂಧಿಸಿದ ಒಂದು ಆನ್‌ಲೈನ್ ಕಡತವನ್ನು ತಿದ್ದಿದ್ದಾಳೆ ಅನ್ನುವುದು ಆರೋಪ. ದಿನಾ ಇನ್ನೊಬ್ಬರ ಕಡತ ತಿದ್ದಿ ಹೊಟ್ಟೆ ಹೊರೆಯುವ ನನಗೆ ಆ ಸುದ್ದಿ ಓದಿ ಎದೆ ಧಸಕ್ ಅಂದಿತ್ತು. ಹತ್ತು ದಿನಕ್ಕೆ ಜಾಮೀನು ಸಿಕ್ಕಿತು; ಸರ್ಕಾರದ ನೀತಿ ಒಪ್ಪುವುದಿಲ್ಲ ಅನ್ನುವ ಒಂದೇ ಕಾರಣಕ್ಕೆ ಯಾರನ್ನೂ ಜೈಲಿಗೆ ಹಾಕಲಾಗದು ಎಂಬ ಅರ್ಥದ ಮಾತನ್ನು ನ್ಯಾಯಾಧೀಶರು ಆದೇಶದಲ್ಲೇ ಬರೆದರು. ಆದರೆ ನಮ್ಮ ಹಳ್ಳಿಯ ಅಪ್ಪನಿಗೆ ಗೊತ್ತಿರುವುದು ಅರೆಸ್ಟಿನ ಫೋಟೊ ಮಾತ್ರ.

ಮತ್ತೊಂದು ಹೆದರಿಕೆ ಇದೆ, ಅದರ ಫೋಟೊ ಎಲ್ಲೂ ಬರುವುದಿಲ್ಲ. ಅದೇ ಹಳ್ಳಿಯ ಹುಡುಗರು ಅದೇ ಸುತ್ತಿನ ಕಾರ್ಖಾನೆಗಳಲ್ಲಿ ಗುತ್ತಿಗೆ ಲೇಬರ್. ಹುಡುಗಿಯರ ಮನವಿಗೆ ಒಬ್ಬ ಹುಡುಗ ಸಹಿ ಮಾಡಿದ್ದ. ನಾನು ಹೆಸರು ಟೈಪ್ ಮಾಡುವ ಹೊತ್ತಿಗೆ ಫೋನ್ ಬಂತು: "ಅಕ್ಕಾ, ನಂದು ಹೆಸರು ತಗೀರಿ. ಗೇಟ್ ಪಾಸ್ ಕಸಗೊಂಡ್ರ ಮನಿ ನಡೆಯಂಗಿಲ್ಲ." ತೆಗೆದೆ. ಕಾರ್ಖಾನೆ ಬೇಡ ಅನ್ನುವ ಹಿರಿಯರು ಇಂಥ ಹುಡುಗನನ್ನು ದ್ರೋಹಿ ಅನ್ನುತ್ತಾರೆ, ಕಾರ್ಖಾನೆ ಬೇಕು ಅನ್ನುವವರು "ನೋಡ್ರಿ, ಯುವಕರಿಗೆ ಕೆಲಸ ಬೇಕು" ಎಂದು ಇವನನ್ನೇ ತೋರಿಸುತ್ತಾರೆ. ನಿನಗೆ ಎಂಥಾ ಕೆಲಸ ಬೇಕು, ಮಾಸ್ಕ್ ಕೊಡುತ್ತಾರೋ, ಪಿ.ಎಫ್. ಕಟ್ಟುತ್ತಾರೋ ಎಂದು ಇಬ್ಬರೂ ಕೇಳಲಿಲ್ಲ. ಹುಡುಗಿಯರು ಕೇಳಿದ್ದರು. ನೋಟ್‌ಬುಕ್ಕಿನಲ್ಲಿ ಅದಕ್ಕೂ ಒಂದು ಕಾಲಂ ಇತ್ತು, ಹೆಸರಿನ ಜಾಗ ಖಾಲಿ ಬಿಟ್ಟು.

ಮಕ್ಕಳ ಮಾತು ಕೇಳಬೇಕು ಅನ್ನುವುದು 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿ. 1992ರಲ್ಲಿ ಭಾರತವೂ ಅದಕ್ಕೆ ಒಪ್ಪಿದೆ. ನಮ್ಮ ರಾಜ್ಯದಲ್ಲಿ ಅದಕ್ಕೆಂದೇ ಮಕ್ಕಳ ಗ್ರಾಮಸಭೆ ಇದೆ. ಕೆಲವು ಪಂಚಾಯಿತಿಗಳಲ್ಲಿ ಚಂದ ನಡೆಯುತ್ತದೆ. ಕೆಲವು ಕಡೆ ಮಕ್ಕಳು ಕೇಳಬೇಕಾದ ಪ್ರಶ್ನೆಗಳನ್ನೂ ದೊಡ್ಡವರೇ ನನ್ನ ಹತ್ತಿರ ಟೈಪ್ ಮಾಡಿಸುತ್ತಾರೆ. ಉತ್ತರವನ್ನೂ ಕೂಡ.

ಈಗ ಹೋರಾಟ ಸಮಿತಿಯವರಿಗೆ ನೇರವಾಗಿ ಒಂದು ಮಾತು. ದೊಡ್ಡ ಕಾರ್ಖಾನೆಗೆ ಪರಿಸರ ಅನುಮತಿ ಕೊಡುವ ಮೊದಲು ಸಾರ್ವಜನಿಕ ಅಹವಾಲು ಸಭೆ ನಡೆಸಬೇಕೆಂದು ಕೇಂದ್ರ ಸರ್ಕಾರದ 2006ರ ಅಧಿಸೂಚನೆ ಹೇಳುತ್ತದೆ. 30 ದಿನ ಮೊದಲು ಪೇಪರಿನಲ್ಲಿ ನೋಟಿಸು, ಕಾರ್ಖಾನೆಯಿಂದ ಪರಿಸರಕ್ಕೆ ಏನಾಗುತ್ತದೆ ಅನ್ನುವ ವರದಿಯ ಸಾರಾಂಶ ಕನ್ನಡದಲ್ಲಿ, ಜಿಲ್ಲಾಧಿಕಾರಿ ಅಥವಾ ಅವರ ಪ್ರತಿನಿಧಿಯ ಅಧ್ಯಕ್ಷತೆ, ಪೂರ್ತಿ ವಿಡಿಯೊ ಚಿತ್ರೀಕರಣ. ಇಷ್ಟು ಜನ ಸೇರಲೇಬೇಕು ಅನ್ನುವ ಕೋರಂ ಇಲ್ಲ, ವಯಸ್ಸಿನ ಮಾತೂ ಇಲ್ಲ. ಕೊನೆಗೆ ಯಾರು ಏನು ಆಕ್ಷೇಪ ಎತ್ತಿದರು ಎಂದು ಅಲ್ಲೇ ಕನ್ನಡದಲ್ಲಿ ಓದಿ ಹೇಳಬೇಕು. ನಾವು ಆ ಸಭೆಗೆ ಹೋಗಿ ಧಿಕ್ಕಾರ ಕೂಗಿ ಬರುತ್ತೇವೆ. ನಡಾವಳಿಯಲ್ಲಿ ಧಿಕ್ಕಾರಕ್ಕೆ ಒಂದು ಸಾಲು ಸಿಗುತ್ತದೆ. ಹತ್ತಿಯ ರೇಟು, ಟವೆಲ್ಲಿನ ತಾರೀಕು, ಗಾಳಿಯ ದಿಕ್ಕು ಇಟ್ಟುಕೊಂಡು ಮಾತಾಡಿದರೆ ಒಂದೊಂದಕ್ಕೂ ಕಂಪನಿಯವರು ಉತ್ತರ ಬರೆಯಬೇಕಾಗುತ್ತದೆ. 2024ರ ಜೂನ್‌ನಲ್ಲಿ ಕೆನ್ಯಾದ ಹುಡುಗರು ತೆರಿಗೆ ಹೇರುವ ಹಣಕಾಸು ಮಸೂದೆಯನ್ನು ಓದಿ, ತಮ್ಮ ತಮ್ಮ ನುಡಿಗಳಲ್ಲಿ ಬಿಡಿಸಿ ಹೇಳಿ ಟಿಕ್‌ಟಾಕ್‌ನಲ್ಲಿ ಹಂಚಿದರು. ಜೀವಗಳೂ ಹೋದವು. 26ರಂದು ಅಧ್ಯಕ್ಷ ರುಟೊ ಆ ಮಸೂದೆಗೆ ಸಹಿ ಹಾಕುವುದಿಲ್ಲ ಎಂದರು. ನಮ್ಮಲ್ಲಿ ಸಾರಾಂಶ ಕನ್ನಡದಲ್ಲೇ ಸಿಗುತ್ತದೆ, ಓದುವವರು ಬೇಕು.

ಹಾಗಾಗಿ ಮುಂದಿನ ಸಭೆಗೆ ಆ ಹುಡುಗಿಯರನ್ನು ಕರೆಯಿರಿ. ಸ್ವಾಗತ ಗೀತೆ ಹಾಡಲು ಬೇಡ, ನಿರೂಪಣೆಗೂ ಬೇಡ. ಮೊದಲು ಅವರ ನೋಟ್‌ಬುಕ್ ಓದಿಸಿ, ಆಮೇಲೆ ನಿಮ್ಮ ಭಾಷಣ ಇಟ್ಟುಕೊಳ್ಳಿ. ನಡಾವಳಿ ಪುಸ್ತಕ ಅವರ ಕೈಗೆ ಕೊಡಿ. ಹುಡುಗರೇ, ನಿಮಗೂ ಒಂದು ಮಾತು: ಅರ್ಜಿ ಬರೆದುಕೊಂಡು ಬಂದರೆ ಟೈಪಿಂಗ್ ದುಡ್ಡು ಬೇಡ. ಝೆರಾಕ್ಸಿಗೆ ಮಾತ್ರ ಕೊಡಬೇಕು, ಪೇಪರ್ ರೇಟು ಏರಿದೆ.